ಓಟಿಪಿ ಯಾರ ಮೊಬೈಲಿಗೆ ಬಂತು?

ಒಂದು ಮಳೆಗಾಲದ ರಾತ್ರಿ. ಒಂಬತ್ತು ಗಂಟೆಯ ಕಾರ್ಯಕ್ರಮ ಮುಗಿಸಿ, ಮೈಕ್ ಬಿಚ್ಚಿಟ್ಟು ಸ್ಟುಡಿಯೋದಿಂದ ಹೊರಗೆ ಬಂದೆ. ರಿಸೆಪ್ಶನ್ ಹುಡುಗ ಓಡಿ ಬಂದ. "ಸರ್, ಆಲೂರು ಕಡೆಯಿಂದ ಒಬ್ಬರು ಮೂರು ದಿನದಿಂದ ಫೋನ್ ಮಾಡ್ತಾನೇ ಇದ್ದಾರೆ. ನಿಮ್ಮ ಹತ್ರಾನೇ ಮಾತಾಡಬೇಕಂತೆ." ಸಾಮಾನ್ಯವಾಗಿ ಇಂಥ ಫೋನ್ ಬಂದರೆ ಒಂದೋ ಬೈಗುಳ, ಇಲ್ಲಾಂದ್ರೆ ಕಾಡಾನೆ. ಆಲೂರು, ಸಕಲೇಶಪುರದವರು ಫೋನ್ ಮಾಡಿದರೆ ಕಾಡಾನೆ ವಿಷಯವೇ ಇರುತ್ತೆ ಅಂದುಕೊಂಡು ತಗೊಂಡೆ.

"ನಮಸ್ಕಾರ ಸರ್. ನಾನು ಕಾಫಿಪುಡಿ ಮಾಡಿ ಮಾರ್ತೀನಿ. ನಾನು ಹೆಂಗಸು ಹೌದೋ ಅಲ್ವೋ ಅಂತ ಸರ್ಕಾರ ಕೇಳ್ತಾ ಇದೆ ಸರ್."

ನಾನು ನಕ್ಕುಬಿಟ್ಟೆ. ಆ ಕಡೆಯಿಂದ ನಗು ಬರಲಿಲ್ಲ.

ವಿಷಯ ಇಷ್ಟು. ಆಲೂರು ದಾಟಿ ಸಕಲೇಶಪುರದ ಕಡೆ ಹೋಗುವಾಗ ಸಿಗುವ ಒಂದು ಊರು. ಮನೆ ಹಿಂದೆ ಶೆಡ್ಡು. ಅದರೊಳಗೆ ಒಂದು ಹುರಿಯುವ ಡ್ರಮ್ಮು, ಒಂದು ಪುಡಿ ಮಾಡುವ ಮಷೀನು. ಕೆಲಸಕ್ಕೆ ಇಬ್ಬರು ಹೆಂಗಸರು. ಹತ್ತು ವರ್ಷದಿಂದ ಈ ಅಕ್ಕ ಕಾಫಿಪುಡಿ ಮಾಡಿ ಅಂಗಡಿಗಳಿಗೆ, ಹೋಂಸ್ಟೇಗಳಿಗೆ ಹಾಕ್ತಾ ಇದ್ದಾರೆ. ಮಂಗಳೂರು ಕಡೆಯ ಒಂದು ಕೇಂದ್ರ ಸರ್ಕಾರಿ ಸಂಸ್ಥೆಯ ಕ್ಯಾಂಟೀನಿಗೆ ಕಾಫಿಪುಡಿ ಬೇಕು ಅಂತ ಟೆಂಡರ್ ಆಗಿತ್ತು. ಮಹಿಳೆಯರ ಉದ್ಯಮಕ್ಕೆ ಆದ್ಯತೆ ಇದೆ ಅಂತ ಯಾರೋ ಹೇಳಿದರು. ಮಗಳನ್ನು ಕೂರಿಸಿಕೊಂಡು ಅರ್ಜಿ ಹಾಕಿದರು. ತಿರಸ್ಕಾರ ಆಯಿತು. ಕಾರಣ: ಮಹಿಳೆಯ ಒಡೆತನಕ್ಕೆ ದಾಖಲೆ ಇಲ್ಲ.

"ಸರ್ಟಿಫಿಕೇಟ್ ಇದೆ ಸರ್ ನನ್ನ ಹತ್ರ. ಮೂರೂವರೆ ಸಾವಿರ ಕೊಟ್ಟು ಮಾಡಿಸಿದ್ದೀನಿ. ಗೋಡೆಗೆ ತೂಗು ಹಾಕಿದ್ದೀನಿ."

ವಾಟ್ಸಾಪಿಗೆ ಫೋಟೊ ಹಾಕಿ ಅಂದೆ. ಎರಡು ಫೋಟೊ ಬಂತು. ಮೊದಲನೆಯದು ಲ್ಯಾಮಿನೇಟ್ ಮಾಡಿದ, ಚಿನ್ನದ ಬಣ್ಣದ ಅಂಚಿನ 'ಮಹಿಳಾ ಉದ್ಯಮಿ ಪ್ರಮಾಣಪತ್ರ'. ಕೊಟ್ಟಿದ್ದು ಯಾರು? ಇಲಾಖೆ ಹೆಸರಿಲ್ಲ, ಸಹಿ ಇದ್ದರೂ ಅದರ ಕೆಳಗೆ ಹುದ್ದೆ ಇಲ್ಲ. ಮದುವೆ ಮನೆಯಲ್ಲಿ ಕೊಡುವ ಅಭಿನಂದನಾ ಪತ್ರದ ಥರ. ಎರಡನೆಯದು ನಿಜವಾದ ಕಾಗದ, ಉದ್ಯಮ್ ನೋಂದಣಿ. ಅದರಲ್ಲಿ ಮಾಲೀಕರ ಹೆಸರು: ಅಕ್ಕನ ಯಜಮಾನರದು. ಲಿಂಗ: ಪುರುಷ. ಕೆಲಸ: ಚಿಲ್ಲರೆ ವ್ಯಾಪಾರ.

"ಇದು ಹೇಗಾಯ್ತು ಅಕ್ಕಾ?"

"ಅವತ್ತು ಸೆಂಟರಿನ ಹುಡುಗ ಆಧಾರ್ ಕೇಳ್ದ ಸರ್. ನಂದು ಹೇಳ್ದೆ. ಓಟಿಪಿ ಬರ್ಲಿಲ್ಲ. ನನ್ನ ಆಧಾರಿಗೆ ಯಾವ್ದೋ ಹಳೇ ನಂಬರ್ ಇತ್ತು. 'ಯಜಮಾನ್ರದ್ದು ಕೊಡಿ ಅಕ್ಕಾ, ಇಬ್ರೂ ಒಂದೇ ಅಲ್ವಾ' ಅಂದ. ಒಂದೇ ಅಲ್ವಾ ಅಂತ ಕೊಟ್ಟೆ."

ಅವರ ಹತ್ತು ವರ್ಷದ ಉದ್ಯಮ ಗಂಡನ ಹೆಸರಿಗೆ ಹೋಗಿದ್ದು ಆ ಒಂದು ನಿಮಿಷದಲ್ಲಿ. ಗಂಡ ಕೆಟ್ಟವರಲ್ಲ. ಅವರಿಗೂ ಗೊತ್ತಿರಲಿಲ್ಲ.

ಮಹಿಳೆಯ ಉದ್ಯಮ ಅಂತ ಸರ್ಕಾರದಿಂದ ಗುರುತು ಪಡೆಯೋದು ಅಂದರೆ ಏನು, ಅದಕ್ಕೆ ಯಾವ ಕಾಗದ, ಅದರಿಂದ ಏನು ಸಿಗುತ್ತೆ, ಏನು ಸಿಗಲ್ಲ. ಇದನ್ನು ಆವತ್ತಿನ ಮಾರನೇ ದಿನ ಕಾರ್ಯಕ್ರಮದಲ್ಲಿ ಹತ್ತು ನಿಮಿಷ ಹೇಳಿದೆ. ಹತ್ತು ನಿಮಿಷಕ್ಕೆ ಸಾಲಲಿಲ್ಲ. ಇಲ್ಲಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲನೇ ಮಾತು. ಕೇಂದ್ರ ಸರ್ಕಾರದ ಖರೀದಿಯ ಲೆಕ್ಕದಲ್ಲಿ 'ಮಹಿಳಾ ಉದ್ಯಮಿ ಸರ್ಟಿಫಿಕೇಟ್' ಅಂತ ಬೇರೆ ಕಾಗದವೇ ಇಲ್ಲ. ಇರೋದು ಉದ್ಯಮ್ ನೋಂದಣಿ ಒಂದೇ. 2020ರ ಜುಲೈ 1ರಿಂದ ಜಾರಿಗೆ ಬಂತು. ಅದಕ್ಕೆ ಮುಂಚೆ ಉದ್ಯೋಗ್ ಆಧಾರ್ ಅಂತ ಇತ್ತು. ಉದ್ಯಮ್ ನೋಂದಣಿಗೆ ಶುಲ್ಕ ಇಲ್ಲ. ಒಂದು ರೂಪಾಯಿಯೂ ಇಲ್ಲ. ಕಾಗದ ಅಪ್‌ಲೋಡ್ ಮಾಡೋದೂ ಇಲ್ಲ. ಆಧಾರ್, ಪ್ಯಾನ್, ಓಟಿಪಿ, ಆಮೇಲೆ ನೀವೇ ತುಂಬುವ ವಿವರ. ಅದರಲ್ಲಿ ಒಂದು ಕಡೆ ಲಿಂಗ ಅಂತ ಇರುತ್ತೆ, ಇನ್ನೊಂದು ಕಡೆ ಸಾಮಾಜಿಕ ವರ್ಗ. ನೀವು ಹಾಕುವ ಆ ಒಂದು ಗುರುತೇ ನಿಮ್ಮ ಪ್ರಮಾಣಪತ್ರ. ನಾನು ಇಂಜಿನಿಯರಿಂಗ್ ಓದಿ ಟಿವಿಗೆ ಬಂದವನು. ನಮ್ಮ ಲ್ಯಾಬಿನಲ್ಲಿ ಒಂದು ಮಾತಿತ್ತು, ಒಳಗೆ ಕಸ ಹಾಕಿದರೆ ಹೊರಗೂ ಕಸವೇ ಬರೋದು ಅಂತ. ಇಲ್ಲಿ ಒಳಗೆ ಗಂಡನ ಆಧಾರ್ ಹೋಯಿತು, ಹೊರಗೆ ಗಂಡಸಿನ ಉದ್ಯಮ ಬಂತು. ಕಂಪ್ಯೂಟರಿನ ತಪ್ಪೇನಿಲ್ಲ.

ನಿಜವಾದ ವೆಬ್‌ಸೈಟಿನ ಹೆಸರು ಉದ್ಯಮ್‌ರಿಜಿಸ್ಟ್ರೇಶನ್ ಡಾಟ್ ಗವ್ ಡಾಟ್ ಇನ್. ಕೊನೆಯಲ್ಲಿ 'ಗವ್ ಡಾಟ್ ಇನ್' ಇರಬೇಕು. ಗೂಗಲ್‌ನಲ್ಲಿ ಹುಡುಕಿದರೆ ಮೇಲ್ಗಡೆ ಬರುವ ಎಷ್ಟೋ ಸೈಟುಗಳು ಸರ್ಕಾರದ್ದಲ್ಲ, ಬಣ್ಣ ಮಾತ್ರ ಸರ್ಕಾರದ್ದು. ದುಡ್ಡು ಕೇಳಿದರೆ ಅಲ್ಲೇ ಬಿಟ್ಟು ಎದ್ದು ಬನ್ನಿ. ಕೈ ಹಿಡಿದು ಮಾಡಿಸೋರು ಬೇಕು ಅಂದರೆ ಹಾಸನದಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರ ಇದೆ. ಸಹಾಯ ಮಾಡೋದು ಅವರ ಕೆಲಸ, ಉಪಕಾರ ಅಲ್ಲ.

ಈಗ ಯಾರದ್ದು 'ಮಹಿಳೆಯ ಉದ್ಯಮ'? ಒಬ್ಬರೇ ಮಾಲೀಕರು ಅಂತಾದರೆ ಆ ಒಬ್ಬರು ಹೆಂಗಸಾಗಿರಬೇಕು. ಪಾಲುದಾರಿಕೆ ಆದರೆ ಹೆಂಗಸರ ಪಾಲು ಶೇ 51ಕ್ಕೆ ಕಡಿಮೆ ಇರಬಾರದು. ಪ್ರೈವೇಟ್ ಲಿಮಿಟೆಡ್ ಕಂಪನಿ ಆದರೆ ಮಹಿಳಾ ಪ್ರವರ್ತಕರ ಷೇರು ಕನಿಷ್ಠ ಶೇ 51. ಈ 51ರ ಹತ್ತಿರ ಸ್ವಲ್ಪ ನಿಲ್ಲಿ. ನಮ್ಮ ಕಡೆ ಪಾಲುಪತ್ರ ಬರೆಸುವಾಗ ಅಮ್ಮ-ಮಗ, ಗಂಡ-ಹೆಂಡತಿ, ಅತ್ತಿಗೆ-ಮೈದುನ ಅಂತ ಸಮ ಸಮ ಬರೆಸ್ತಾರೆ. ಐವತ್ತಕ್ಕೆ ಐವತ್ತು. ನ್ಯಾಯವಾಗಿ ಕಾಣುತ್ತೆ. ಆದರೆ ಶೇ 50 ಅಂದರೆ ಸರ್ಕಾರದ ಲೆಕ್ಕದಲ್ಲಿ ಅದು ಮಹಿಳೆಯ ಉದ್ಯಮ ಅಲ್ಲ. ಒಂದೇ ಒಂದು ಪರ್ಸೆಂಟಿಗೆ ಹೋಗಿಬಿಡುತ್ತೆ. ಹೊಸದಾಗಿ ಪತ್ರ ಬರೆಸುವವರು ವಕೀಲರ ಹತ್ತಿರ ಹೋಗೋ ಮುಂಚೆ ಇದನ್ನು ಮನೆಯಲ್ಲಿ ಮಾತಾಡಿಕೊಂಡು ಹೋಗಿ.

ಎಷ್ಟು ದೊಡ್ಡ ಉದ್ಯಮದವರೆಗೆ ಇದು ಅನ್ವಯ ಅಂತ ಕೇಳ್ತೀರಿ. 2025ರ ಏಪ್ರಿಲ್ 1ರಿಂದ ಮಿತಿ ಹೆಚ್ಚಾಗಿದೆ. ಯಂತ್ರೋಪಕರಣದ ಬಂಡವಾಳ ಎರಡೂವರೆ ಕೋಟಿ, ವರ್ಷದ ವಹಿವಾಟು 10 ಕೋಟಿವರೆಗೆ ಇದ್ದರೆ ಅತಿಸಣ್ಣ. 25 ಕೋಟಿ ಮತ್ತು 100 ಕೋಟಿವರೆಗೆ ಸಣ್ಣ. ಅಲ್ಲಿಗೆ ಮನೆ ಹಿಂದೆ ಶೆಡ್ಡಿನಲ್ಲಿ ಕಾಫಿ ಹುರಿಯುವವರೂ ಅತಿಸಣ್ಣ, ಒಂಬತ್ತು ಕೋಟಿ ವಹಿವಾಟು ಮಾಡುವವರೂ ಅತಿಸಣ್ಣ. ಇವರಿಬ್ಬರೂ ಒಂದೇ ಸಾಲಿನಲ್ಲಿ ನಿಂತು ಟೆಂಡರ್ ಹಾಕಬೇಕು. ನನಗೆ ಇದು ಸರಿ ಕಾಣಲ್ಲ, ಆದರೆ ನಿಯಮ ಹೀಗಿದೆ.

ಇದರಿಂದ ಸಿಗೋದೇನು? 2012ರಲ್ಲಿ ಕೇಂದ್ರ ಸರ್ಕಾರ ಒಂದು ಖರೀದಿ ನೀತಿ ತಂತು. ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ವರ್ಷದಲ್ಲಿ ಕೊಳ್ಳುವ ಸರಕು, ಸೇವೆಯಲ್ಲಿ ಇಷ್ಟು ಪಾಲು ಸಣ್ಣ ಉದ್ಯಮಗಳಿಂದಲೇ ಕೊಳ್ಳಬೇಕು ಅಂತ. ಮೊದಲು ಶೇ 20 ಇತ್ತು. 2018ರ ನವೆಂಬರ್‌ನಲ್ಲಿ ಅದನ್ನು ಶೇ 25 ಮಾಡಿದರು. ಆ 25ರ ಒಳಗೆ ಪರಿಶಿಷ್ಟ ಜಾತಿ, ಪಂಗಡದವರ ಉದ್ಯಮಗಳಿಗೆ 4, ಮಹಿಳೆಯರ ಉದ್ಯಮಗಳಿಗೆ 3. ಈ ಮೂರು ಪರ್ಸೆಂಟಿಗಾಗಿಯೇ ನಮ್ಮ ಆಲೂರಿನ ಅಕ್ಕ ಓಡಾಡಿದ್ದು.

ಟೆಂಡರ್ ಫಾರಂ ಉಚಿತ. ಇಎಂಡಿ, ಅಂದರೆ ಟೆಂಡರ್ ಹಾಕುವಾಗ ಕಟ್ಟುವ ಠೇವಣಿ, ಅದೂ ಬೇಡ. ಸಣ್ಣವರಿಗೆ ಇದೇ ದೊಡ್ಡ ಅನುಕೂಲ, ಯಾಕೆಂದರೆ ಕೈಯಲ್ಲಿರುವ ದುಡ್ಡು ಕಾಫಿಬೀಜದಲ್ಲಿ ಸಿಕ್ಕಿಕೊಂಡಿರುತ್ತೆ. ಇನ್ನು ದರದ ವಿಷಯ. ಒಂದು ಸಾವಿರ ಕೆಜಿ ಪುಡಿ ಬೇಕು ಅಂತ ಟೆಂಡರ್ ಆಯಿತು ಅಂದುಕೊಳ್ಳಿ. ಲೆಕ್ಕ ಸುಲಭವಾಗಲಿ ಅಂತ ಹೇಳ್ತೀನಿ, ದೊಡ್ಡ ಕಂಪನಿಯೊಂದು ಕೆಜಿಗೆ 400 ರೂಪಾಯಿ ಹಾಕಿ ಎಲ್ಲರಿಗಿಂತ ಕಡಿಮೆ ಬಂತು. ನಮ್ಮ ಅಕ್ಕ 450 ಹಾಕಿದ್ದಾರೆ. ಕಡಿಮೆ ದರಕ್ಕಿಂತ ಶೇ 15ರ ಒಳಗೆ, ಅಂದರೆ 460ರ ಒಳಗೆ ಇರುವ ಸಣ್ಣ ಉದ್ಯಮಕ್ಕೆ ಒಂದು ಅವಕಾಶ ಕೊಡಬೇಕು. "ಆ 400ಕ್ಕೇ ಕೊಡ್ತೀರಾ?" ಅಂತ ಕೇಳ್ತಾರೆ. ಒಪ್ಪಿದರೆ ಕನಿಷ್ಠ ಕಾಲು ಭಾಗ, 250 ಕೆಜಿ, ಸಣ್ಣ ಉದ್ಯಮಕ್ಕೆ. ಅಂಥವರು ನಾಲ್ಕು ಜನ ಇದ್ದರೆ ಆ 250ನ್ನೇ ಹಂಚಿಕೊಳ್ಳಬೇಕು.

ಕೊನೆಗೆ ಕೊಡಬೇಕಾದದ್ದು 400ಕ್ಕೇ ಅನ್ನೋದನ್ನು ಗಮನಿಸಿ. ಸರ್ಕಾರ ನಿಮಗೆ ಹೆಚ್ಚು ದುಡ್ಡು ಕೊಡಲ್ಲ. ನಿಮ್ಮನ್ನು ಒಳಗೆ ಬಿಡುತ್ತೆ, ಅಷ್ಟೇ. ಕಾಫಿಬೀಜದ ರೇಟು ಏರಿದ ವರ್ಷ 400ಕ್ಕೆ ಕೊಟ್ಟರೆ ಕೈಯಿಂದ ಹಾಕಬೇಕಾಗುತ್ತೆ. ಸರ್ಟಿಫಿಕೇಟ್ ಸಿಕ್ಕ ಖುಷಿಯಲ್ಲಿ ಈ ಲೆಕ್ಕ ಮರೆತು ಕೈ ಸುಟ್ಟುಕೊಳ್ಳೋರು ಇರ್ತಾರೆ.

ಆ ಮೂರು ಪರ್ಸೆಂಟ್ ಕೂಡ ಪ್ರತಿ ಟೆಂಡರಿನಲ್ಲೂ ಎತ್ತಿಡುವ ಪಾಲಲ್ಲ. ಅದು ಒಂದೊಂದು ಇಲಾಖೆಯ ವರ್ಷದ ಗುರಿ. ಕಟ್ಟಡ, ರಸ್ತೆ ಕಾಮಗಾರಿಗೆ ಈ ನೀತಿ ಇಲ್ಲ. ರಾಜ್ಯ ಸರ್ಕಾರದ ಕಚೇರಿಗಳಿಗೂ ಇಲ್ಲ, ಅಲ್ಲಿ ನಡೆಯೋದು 1999ರ ಪಾರದರ್ಶಕ ಕಾಯ್ದೆ. ಸಕಲೇಶಪುರದ ತಾಲ್ಲೂಕು ಕಚೇರಿಗೆ ಹೋಗಿ ಉದ್ಯಮ್ ಕಾಗದ ತೋರಿಸಿ "ಮೂರು ಪರ್ಸೆಂಟ್ ಕೊಡಿ" ಅಂದರೆ ಅವರು ಕಣ್ಣು ಬಿಡ್ತಾರೆ, ಅವರ ತಪ್ಪಿಲ್ಲ.

ವ್ಯಾಪಾರ ಮತ್ತು ತಯಾರಿಕೆಯ ವ್ಯತ್ಯಾಸ ಇದಕ್ಕಿಂತ ಹೆಚ್ಚು ಜನರಿಗೆ ಪೆಟ್ಟು ಕೊಡುತ್ತೆ. 2021ರ ಜುಲೈನಿಂದ ಚಿಲ್ಲರೆ, ಸಗಟು ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ಕೊಡ್ತಾ ಇದ್ದಾರೆ. ಆದರೆ ಅದು ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕೆ ಮಾತ್ರ. ಟೆಂಡರಿನ ಆದ್ಯತೆ ಅವರಿಗಿಲ್ಲ. ಅಕ್ಕನ ಕಾಗದದಲ್ಲಿ 'ಚಿಲ್ಲರೆ ವ್ಯಾಪಾರ' ಅಂತ ಇತ್ತಲ್ಲ, ಹೆಸರು ಅವರದ್ದೇ ಇದ್ದಿದ್ದರೂ ಅರ್ಜಿ ನಿಲ್ಲುತ್ತಿರಲಿಲ್ಲ. ಬೀಜ ತಂದು, ಹುರಿದು, ಪುಡಿ ಮಾಡಿ, ಪ್ಯಾಕ್ ಮಾಡಿ ಮಾರೋದು ತಯಾರಿಕೆ. ಅದಕ್ಕೆ ಬೇರೆ ಸಂಕೇತ ಸಂಖ್ಯೆಯೇ ಇದೆ, 10792. ಸೆಂಟರಿನ ಹುಡುಗ "ಏನ್ ಮಾಡ್ತೀರ ಅಕ್ಕಾ?" ಅಂದಿದ್ದಾನೆ. ಇವರು "ಕಾಫಿಪುಡಿ ಮಾರ್ತೀನಿ" ಅಂದಿದ್ದಾರೆ. ಮಾರ್ತೀನಿ ಅಂದರೆ ವ್ಯಾಪಾರ ಅಂತ ಅವನು ಒತ್ತಿದ. ನನಗೆ ಫೋನಿನಲ್ಲಿ ಹೇಳಿದ ಹಾಗೆ "ಮಾಡಿ ಮಾರ್ತೀನಿ" ಅಂದಿದ್ದರೆ ಬಹುಶಃ ಸರಿ ಒತ್ತುತ್ತಿದ್ದ. ನಮ್ಮ ಹೆಣ್ಣುಮಕ್ಕಳು ತಾವು ಮಾಡುವ ಕೆಲಸದ ಹೆಸರನ್ನು ಪೂರ್ತಿ ಹೇಳಲ್ಲ. ಉಪ್ಪಿನಕಾಯಿ ಹಾಕುವವರು "ಸುಮ್ನೆ ಮನೇಲಿ ಏನೋ ಮಾಡ್ತೀವಿ" ಅಂತಾರೆ. ಹೋಂಸ್ಟೇಯಲ್ಲಿ ಇಪ್ಪತ್ತು ಜನಕ್ಕೆ ಕಡುಬು, ಅಕ್ಕಿರೊಟ್ಟಿ ಮಾಡುವವರು "ಯಜಮಾನ್ರು ಹೋಂಸ್ಟೇ ಇಟ್ಟಿದ್ದಾರೆ" ಅಂತಾರೆ. ಫಾರಂ ತುಂಬುವ ಹೊತ್ತಿಗೆ ಈ ಸಂಕೋಚ ದುಬಾರಿ.

ಹಾಗಂತ ಎಲ್ಲ ಕಡೆ ಹೆಣ್ಣಿನ ಹೆಸರು ಬಿಟ್ಟುಹೋಗುತ್ತೆ ಅಂತಲ್ಲ. ಉಲ್ಟಾ ಕೂಡ ನಡೆಯುತ್ತೆ. ಮಹಿಳೆಗೆ ಸಬ್ಸಿಡಿ ಹೆಚ್ಚು ಅಂತ ಗೊತ್ತಾದ ತಕ್ಷಣ ಗಂಡಸರು ಹೆಂಡತಿ ಹೆಸರಿನಲ್ಲಿ ಉದ್ಯಮ ತೆಗೀತಾರೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಹಳ್ಳಿಯ ಸಾಮಾನ್ಯ ವರ್ಗದ ಗಂಡಸಿಗೆ ಶೇ 25 ಸಬ್ಸಿಡಿ, ಮಹಿಳೆಗೆ ಶೇ 35. ರಾಜ್ಯದ ಉದ್ಯೋಗಿನಿ ಯೋಜನೆಯಂತೂ ಮಹಿಳೆಯರಿಗೆ ಮಾತ್ರ. ಹೆಸರು ಅವಳದ್ದು, ಚೆಕ್ ಪುಸ್ತಕ ಇವನದ್ದು. ಗ್ರಾಮ ಪಂಚಾಯಿತಿಯಲ್ಲಿ ನಾವೆಲ್ಲ ಇದನ್ನು ನೋಡಿದ್ದೀವಿ. 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಕರ್ನಾಟಕ ಮಹಿಳೆಯರಿಗೆ ಶೇ 25 ಸೀಟು ಕೊಟ್ಟಿತು. ಈಗ ಅರ್ಧ ಸೀಟು ಅವರದ್ದು. ಆದರೂ ಇವತ್ತಿಗೂ "ಅಧ್ಯಕ್ಷರ ಯಜಮಾನ್ರು" ಅನ್ನೋ ಪದವಿ ನಮ್ಮ ಹಳ್ಳಿಗಳಲ್ಲಿ ಇದೆ. ಪಂಚಾಯಿತಿಯಲ್ಲಿ ಒಂದೆರಡು ಅವಧಿ ಕಳೆದ ಮೇಲೆ ಎಷ್ಟೋ ಅಕ್ಕಂದಿರು "ನೀವು ಹೊರಗೆ ಕೂತಿರಿ" ಅಂತ ಗಂಡನಿಗೆ ಹೇಳಿ ತಾವೇ ಕುರ್ಚಿ ಎಳೆದುಕೊಂಡಿದ್ದಾರೆ, ಅದೂ ನಿಜ.

ಉದ್ಯಮದಲ್ಲಿ ಮಾತ್ರ ಇದು ಅಪಾಯ. ಪಂಚಾಯಿತಿ ಅಧ್ಯಕ್ಷೆಯ ಸಹಿಗೆ ಎರಡೂವರೆ ವರ್ಷದ ಆಯಸ್ಸು. ಸಾಲದ ಪತ್ರದ ಸಹಿಗೆ ಆ ಮಿತಿ ಇಲ್ಲ. ಒಬ್ಬರೇ ಮಾಲೀಕರಾಗಿರುವ ಉದ್ಯಮದಲ್ಲಿ ಉದ್ಯಮದ ಸಾಲ ಬೇರೆ, ಮಾಲೀಕರ ಸಾಲ ಬೇರೆ ಅಂತ ಇಲ್ಲ. ಕಂತು ನಿಂತರೆ ಸಿಬಿಲ್ ಸ್ಕೋರ್ ಕುಸಿಯೋದು ಅವಳದ್ದು. ಜಿಎಸ್‌ಟಿ ನೋಟಿಸು ಬರೋದು ಅವಳ ಹೆಸರಿಗೆ. ಚೆಕ್ ಬೌನ್ಸ್ ಆದರೆ ಕೋರ್ಟಿನಲ್ಲಿ ನಿಲ್ಲಬೇಕಾದವಳು ಅವಳು. "ಒಂದು ಸಹಿ ಹಾಕು ಅಷ್ಟೇ" ಅಂತ ಅಡುಗೆಮನೆಗೇ ಕಾಗದ ತಂದುಕೊಡುವ ಗಂಡಸರಿದ್ದಾರೆ. ತಾಯಂದಿರೇ, ಕೈ ಒರೆಸಿಕೊಳ್ಳಿ, ಕೂತು ಓದಿ, ಆಮೇಲೆ ಸಹಿ ಹಾಕಿ. ಓದಿ ಮುಗಿಯೋವರೆಗೆ ಸಾರು ಕುದಿಯುತ್ತಿರಲಿ.

ಅಮೆರಿಕದಲ್ಲೂ ಇದೇ ರಗಳೆ ಇತ್ತು. ಅಲ್ಲಿ 1994ರಲ್ಲಿ ಸರ್ಕಾರಿ ಗುತ್ತಿಗೆಗಳಲ್ಲಿ ಶೇ 5 ಮಹಿಳೆಯರ ಉದ್ಯಮಗಳಿಗೆ ಹೋಗಬೇಕು ಅಂತ ಗುರಿ ಇಟ್ಟರು. ಅಲ್ಲಿಯೂ ಶೇ 51ರ ಲೆಕ್ಕವೇ. ಆದರೆ ಅವರು ಇನ್ನೊಂದು ಪ್ರಶ್ನೆ ಸೇರಿಸಿದ್ದಾರೆ: ಪಾಲು ಅವಳದ್ದು ಸರಿ, ದಿನನಿತ್ಯದ ತೀರ್ಮಾನ ಯಾರದ್ದು? ಅತಿ ಎತ್ತರದ ಹುದ್ದೆಯಲ್ಲಿ ಅವಳೇ ಇದ್ದಾಳಾ? ಬಹಳ ವರ್ಷ ಅವರೂ ಸ್ವಯಂ ಘೋಷಣೆಯನ್ನು ಒಪ್ಪಿಕೊಳ್ಳುತ್ತಿದ್ದರು. 2020ರ ಅಕ್ಟೋಬರ್‌ನಿಂದ ಅದನ್ನು ನಿಲ್ಲಿಸಿ, ಕಾಗದಪತ್ರ ನೋಡಿಯೇ ಪ್ರಮಾಣಪತ್ರ ಅಂದರು. ವಿಕನೆಕ್ಟ್ ಇಂಟರ್‌ನ್ಯಾಷನಲ್ ಅನ್ನೋ ಸಂಸ್ಥೆ ಭಾರತದಲ್ಲೂ ಈ ರೀತಿ ಪರಿಶೀಲಿಸಿ ಪ್ರಮಾಣಪತ್ರ ಕೊಡುತ್ತೆ, ಅದು ಖಾಸಗಿ, ದೊಡ್ಡ ಕಂಪನಿಗಳಿಗೆ ಮಾಲು ಹಾಕುವವರಿಗೆ. ನಮ್ಮ ಸರ್ಕಾರದ ವ್ಯಾಖ್ಯೆ ಪಾಲಿನ ಲೆಕ್ಕ ಕೇಳುತ್ತೆ, ಉದ್ಯಮ ನಡೆಸೋದು ಯಾರು ಅಂತ ಕೇಳಲ್ಲ.

ಅಮೆರಿಕದ ಹಾಗೆ ಇಲ್ಲೂ ಕಟ್ಟುನಿಟ್ಟು ಮಾಡಿ ಅಂತ ಹೇಳೋದು ಸುಲಭ. ನಾನೂ ಸ್ಟುಡಿಯೋದಲ್ಲಿ ಕೂತು ಹಾಗೇ ಹೇಳಿದ್ದೆ. ಆಮೇಲೆ ಯೋಚನೆ ಬಂತು. ಕಡತ ಕೇಳಿದರೆ ಮೊದಲು ಬೀಳೋದು ಯಾರು? ವಕೀಲರು, ಆಡಿಟರು ಇರುವ ಬೇನಾಮಿ ಕಂಪನಿ ಎಲ್ಲ ಕಾಗದ ಒದಗಿಸುತ್ತೆ. ಶೆಡ್ಡಿನಲ್ಲಿ ಕಾಫಿ ಹುರಿಯುವ ಅಕ್ಕನ ಹತ್ತಿರ ಕಾಗದ ಇರಲ್ಲ, ಕೆಲಸ ಇರುತ್ತೆ. ಸ್ವಯಂ ಘೋಷಣೆ ಇರಲಿ. ಆದರೆ ಖಾತೆ ಯಾರು ನಡೆಸ್ತಾರೆ, ಬಿಲ್ಲಿಗೆ ಸಹಿ ಯಾರದ್ದು ಅಂತ ನೂರರಲ್ಲಿ ಐದು ಕಡೆಯಾದರೂ ಹೋಗಿ ನೋಡಿ. ಸುಳ್ಳು ಮಾಹಿತಿಗೆ ದಂಡ ಅಂತ 2006ರ ಎಂಎಸ್ಎಂಇ ಕಾಯ್ದೆಯ 27ನೇ ಸೆಕ್ಷನ್‌ನಲ್ಲಿ ಈಗಾಗಲೇ ಬರೆದಿದೆ.

ಕಾಗದ ಯಾಕಿರಲ್ಲ ಅನ್ನೋದಕ್ಕೆ ಬೇರು ಪಹಣಿಯಲ್ಲಿದೆ. ಸಕಲೇಶಪುರದ ಯಾವ ತೋಟಕ್ಕೆ ಹೋದರೂ ಹಣ್ಣು ಕುಯ್ಯುವವರು ಹೆಂಗಸರು, ಕಣದಲ್ಲಿ ಬೀಜ ಹರವುವವರು ಹೆಂಗಸರು, ಕಪ್ಪು ಬೀಜ ಆರಿಸುವವರು ಹೆಂಗಸರು. ಪಹಣಿ ತೆಗೆದು ನೋಡಿ, ಬಹಳ ಕಡೆ ಮಾವನ ಹೆಸರು, ಇಲ್ಲ ಗಂಡನ ಹೆಸರು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, ಆಗ ಮದುವೆ ಆಗದವರಿಗೆ ಮಾತ್ರ. 2005ರಲ್ಲಿ ಇಡೀ ದೇಶಕ್ಕೆ, ಮದುವೆಯಾದವರಿಗೂ ಬಂತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆ ಹಕ್ಕು ಹುಟ್ಟಿನಿಂದಲೇ ಬರುತ್ತೆ, 2005ಕ್ಕೆ ಅಪ್ಪ ಬದುಕಿರಬೇಕು ಅಂತೇನಿಲ್ಲ ಅಂತ ಹೇಳಿತು. ಕಾನೂನು ಅಷ್ಟು ದೂರ ಬಂದಿದೆ. ಇತ್ತ ಮನೆಯಲ್ಲಿ ಅರಿಶಿನ ಕುಂಕುಮದ ಜೊತೆ ಹಕ್ಕು ಬಿಡುಗಡೆ ಪತ್ರ ಮುಂದಿಡ್ತಾರೆ. ಅಣ್ಣ ತಮ್ಮಂದಿರ ಮುಖ ನೋಡಿ ಸಹಿ ಹಾಕಿ ಬರ್ತಾರೆ. ನಾಳೆ ಬ್ಯಾಂಕಿನಲ್ಲಿ ಅಡಮಾನ ಕೇಳಿದಾಗ ಮತ್ತೆ ಗಂಡನ ಪಹಣಿ, ಗಂಡನ ಸಹಿ.

ಬ್ಯಾಂಕಿನ ವಿಷಯದಲ್ಲಿ ಒಂದು ಮಾತು ನೆನಪಿಟ್ಟುಕೊಳ್ಳಿ. ಸಣ್ಣ ಉದ್ಯಮಕ್ಕೆ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬೇಡಿ ಅಂತ ರಿಸರ್ವ್ ಬ್ಯಾಂಕ್ 2010ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಕೌಂಟರಿನಲ್ಲಿ ಕೇಳಿದರೆ, ಕೇಳಿದ್ದನ್ನು ಬರಹದಲ್ಲಿ ಕೊಡಿ ಅನ್ನಿ. ಬರಹದಲ್ಲಿ ಅನ್ನುವ ಮಾತಿಗೆ ತುಂಬಾ ಶಕ್ತಿ ಇದೆ.

ಅಲ್ಪಸಂಖ್ಯಾತರ ಉದ್ಯಮದ ಬಗ್ಗೆಯೂ ಬಹಳ ಜನ ಕೇಳ್ತಾರೆ. ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ, 2014ರಿಂದ ಜೈನ, ಇಷ್ಟು ಸಮುದಾಯಗಳು ಕೇಂದ್ರದ ಪಟ್ಟಿಯಲ್ಲಿವೆ. ಆದರೆ ಕೇಂದ್ರದ ಖರೀದಿ ನೀತಿಯಲ್ಲಿ 'ಅಲ್ಪಸಂಖ್ಯಾತರ ಉದ್ಯಮ'ಕ್ಕೆ ಅಂತ ಪಾಲಿಲ್ಲ. ನಾಡಕಚೇರಿಯಲ್ಲಿ ಸಿಗುವ ಅಲ್ಪಸಂಖ್ಯಾತರ ಪ್ರಮಾಣಪತ್ರ ಉಪಯೋಗಕ್ಕೆ ಬರೋದು ಸಾಲ, ಸಬ್ಸಿಡಿಗೆ: ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಇದೆ, ಶ್ರಮಶಕ್ತಿಯಂಥ ಯೋಜನೆಗಳಿವೆ. ಹಾಗಾಗಿ ಸಕಲೇಶಪುರ ಪೇಟೆಯಲ್ಲಿ ಬೇಕರಿ ನಡೆಸುವ ಬ್ಯಾರಿ ಹೆಣ್ಣುಮಗಳಿಗೆ ಸಾಲದ ಬಾಗಿಲು ಒಂದು ಕಾಗದದಿಂದ ತೆರೆಯುತ್ತೆ, ಟೆಂಡರಿನ ಬಾಗಿಲು ಇನ್ನೊಂದರಿಂದ. ಎರಡನ್ನೂ ಮಾಡಿಸಿಕೊಳ್ಳಬೇಕು. ರಾಜ್ಯದ ಗುತ್ತಿಗೆಗಳಲ್ಲಿ 2ಬಿ ವರ್ಗಕ್ಕೆ ಶೇ 4 ಮೀಸಲು ಕೊಡುವ ಮಸೂದೆಯನ್ನು 2025ರ ಮಾರ್ಚ್‌ನಲ್ಲಿ ವಿಧಾನಮಂಡಲ ಅಂಗೀಕರಿಸಿತು, ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಗಣನೆಗೆ ಕಳಿಸಿದರು. ಆ ನಾಲ್ಕರ ಬಗ್ಗೆ ಟಿವಿಯಲ್ಲಿ ಎಷ್ಟು ರಾತ್ರಿ ಕೂಗಾಟ ನಡೆಯಿತು ಅಂತ ನಿಮಗೆ ನೆನಪಿರಬಹುದು, ಕೂಗಿದವರಲ್ಲಿ ನಾನೂ ಒಬ್ಬ. 2018ರಿಂದ ಇರುವ ಮಹಿಳೆಯರ ಮೂರರ ಬಗ್ಗೆ ನಾನು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಆಲೂರಿನಿಂದ ಫೋನ್ ಬರೋವರೆಗೆ.

ಸರಿ, ಅಕ್ಕನ ಕಥೆಗೆ ಬರ್ತೀನಿ. ಗಂಡನ ಹೆಸರಿನ ಉದ್ಯಮ್ ನೋಂದಣಿಯಲ್ಲಿ ಹೆಸರು ಅಳಿಸಿ ಹೆಂಡತಿ ಹೆಸರು ಬರೆಯೋಕೆ ಆಗಲ್ಲ. ನೋಂದಣಿ ಪ್ಯಾನ್‌ಗೆ ಕಟ್ಟಿಕೊಂಡಿರುತ್ತೆ. ಹಳೆಯದನ್ನು ರದ್ದು ಮಾಡಿಸಿ, ಅವರದ್ದೇ ಪ್ಯಾನ್, ಅವರದ್ದೇ ಆಧಾರ್ ಮೇಲೆ ಹೊಸದು ಮಾಡಿಸಬೇಕು. ಅದಕ್ಕಿಂತ ಮೊದಲು ಆಧಾರಿಗೆ ಮೊಬೈಲ್ ನಂಬರ್. ಅಕ್ಕ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳು ಒತ್ತಿದರು. ಕಾಫಿ, ಮೆಣಸು ಮುಟ್ಟಿ ಮುಟ್ಟಿ ಸವೆದ ಬೆರಳು, ಎರಡು ಸಲ ತಗೊಳ್ಳಲಿಲ್ಲ, ಮೂರನೇ ಸಲ ತಗೊಂತು. ಆಮೇಲೆ ಅವರ ಹೆಸರಿನಲ್ಲಿ ಒಂದು ಕರೆಂಟ್ ಅಕೌಂಟ್, ಆಹಾರ ಸುರಕ್ಷತೆಯ ನೋಂದಣಿ, ವಿದ್ಯುತ್ ಬಿಲ್ಲು, ಶೆಡ್ಡಿಗೆ ಗಂಡನಿಂದ ಬಾಡಿಗೆ ಕರಾರು. ಗಂಡ ಹೆಂಡತಿಗೆ ಬಾಡಿಗೆ ಕರಾರು ಅಂತ ಊರಿನಲ್ಲಿ ನಕ್ಕರಂತೆ. "ತಿಂಗಳಿಗೆ ಎಷ್ಟು ಬಾಡಿಗೆ ಅಕ್ಕಾ?" ಅಂದೆ. "ನೂರು ರೂಪಾಯಿ ಸರ್. ಅದನ್ನೂ ಅವರು ನನ್ನ ಹತ್ರಾನೇ ವಾಪಸ್ ಇಸ್ಕೊಂಡು ಬೀಡಿ ತರ್ತಾರೆ."

ಈ ವರಸೆಯಲ್ಲಿ ಓಟಿಪಿ ಬರುವ ಫೋನು ಮೊದಲು ಅವಳ ಕೈಯಲ್ಲಿರಬೇಕು. ಮೊಬೈಲ್, ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಇವು ಅವಳ ಹೆಸರಿಗೆ ಬಂದ ಮೇಲೆ ಉದ್ಯಮ್. ನಮ್ಮವರು ಉದ್ಯಮ್‌ನಿಂದ ಶುರು ಮಾಡ್ತಾರೆ, ಅದಕ್ಕೇ ಗಂಟು ಬೀಳೋದು. ಕೇಂದ್ರದ ಸಮೀಕ್ಷೆಯೊಂದು (2015-16ರ ಲೆಕ್ಕ) ದೇಶದ ಒಬ್ಬರೇ ಮಾಲೀಕರಿರುವ ಸಣ್ಣ ಉದ್ಯಮಗಳಲ್ಲಿ ಶೇ 20ರಷ್ಟು ಹೆಂಗಸರದ್ದು ಅಂತ ಹೇಳಿತ್ತು. ಆಲೂರಿನ ಈ ಶೆಡ್ಡಿಗೆ ಯಾರಾದರೂ ಬಂದು ಕಾಗದ ನೋಡಿದ್ದಿದ್ದರೆ ಅದು ಆ ಶೇ 20ರಲ್ಲಿ ಸೇರುತ್ತಿರಲಿಲ್ಲ. ಅವರ ಹೆಂಡತಿ ಹೆಸರಿನ ಬೋರ್ಡು ತೂಗುಹಾಕಿದ ಯಾವುದೋ ಗುತ್ತಿಗೆದಾರರದ್ದು ಸೇರುತ್ತಿತ್ತು.

ಹೊಸ ಉದ್ಯಮ್ ಬಂದ ಮೇಲೆ ಜೆಮ್ ಪೋರ್ಟಲ್. ಸರ್ಕಾರದ ಆನ್‌ಲೈನ್ ಸಂತೆ ಅಂತ ತಿಳ್ಕೊಳ್ಳಿ. 2016ರಲ್ಲಿ ಶುರುವಾಯಿತು. ಅದರಲ್ಲಿ ಮಹಿಳೆಯರ ಉತ್ಪನ್ನಗಳಿಗೆ ವುಮನಿಯಾ ಅಂತ ಬೇರೆ ಮಳಿಗೆ 2019ರಿಂದ ಇದೆ. ಅಲ್ಲಿ ಫೋಟೊ ಹಾಕಬೇಕು, ದರ ಹಾಕಬೇಕು, ಎಲ್ಲೆಲ್ಲಿಗೆ ಕಳಿಸಬಲ್ಲಿರಿ ಅಂತ ಹೇಳಬೇಕು. ಇಲ್ಲಿ ಹುಷಾರು. ಉತ್ಸಾಹದಲ್ಲಿ 'ಇಡೀ ಭಾರತ' ಅಂತ ಒತ್ತಬೇಡಿ. ಮಾಲು ತಡವಾದರೆ ವಾರಕ್ಕೆ ಶೇ ಅರ್ಧದಂತೆ, ಹೆಚ್ಚೆಂದರೆ ಶೇ 10ರವರೆಗೆ ಬಿಲ್ಲಿನಲ್ಲಿ ಹಿಡ್ಕೋತಾರೆ. ಮಂಗಳೂರಿಗೇ ಕಳಿಸೋದಾದರೂ ಜುಲೈನಲ್ಲಿ ಶಿರಾಡಿ ಘಾಟಿ ಕುಸಿದರೆ ಏನು ಗತಿ? 2024ರ ಜುಲೈನಲ್ಲಿ ದೊಡ್ಡತಪ್ಪಲೆಯ ಹತ್ತಿರ ರಸ್ತೆ ಮೇಲೆ ಗುಡ್ಡ ಬಿತ್ತು, ಎಡಕುಮೇರಿಯ ಹತ್ತಿರ ರೈಲು ಹಳಿಯ ಕೆಳಗಿನ ಮಣ್ಣು ಜಾರಿತು. ಮಳೆಗಾಲದ ಆರ್ಡರಿಗೆ ಎರಡು ವಾರ ಹೆಚ್ಚಿಗೆ ಕೇಳಿ ಅಂತ ಅಕ್ಕನಿಗೆ ನಾನು ಹೇಳೋ ಮುಂಚೆ ಅವರೇ ಕೇಳಿದ್ದರು. ಘಾಟಿ ಪಕ್ಕದಲ್ಲಿ ಬದುಕುವವರಿಗೆ ಬೆಂಗಳೂರಿನವನು ಮಳೆ ಪಾಠ ಹೇಳೋದು ಅಂದರೆ ಹೀಗೇ.

ಇನ್ನು ದುಡ್ಡು. ಇದು ಕಾನೂನಿನ ಬಹಳ ಒಳ್ಳೆಯ ಭಾಗ, ಬಹಳ ಕಡಿಮೆ ಜನ ಬಳಸುವ ಭಾಗ. 2006ರ ಎಂಎಸ್ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮದಿಂದ ಮಾಲು ಒಪ್ಪಿಕೊಂಡವರು ಏನೇ ಕರಾರು ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ಬರಹದ ಕರಾರೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ದೂರು ಕೊಡೋಕೆ ಪೋರ್ಟಲ್ ಇದೆ, ತೀರ್ಪು ಕೊಡೋಕೆ ರಾಜ್ಯದಲ್ಲಿ ಮಂಡಳಿ ಇದೆ. ಇದು ಸರ್ಕಾರಿ ಕಚೇರಿಗೆ ಮಾತ್ರ ಅಲ್ಲ, ಖಾಸಗಿಯವರಿಗೂ ಅನ್ವಯ. ನಿಮ್ಮಿಂದ ಪುಡಿ ತಗೊಂಡು "ಮುಂದಿನ ತಿಂಗಳು ನೋಡೋಣ" ಅನ್ನುವ ರೆಸಾರ್ಟಿನವರಿಗೂ ಅನ್ವಯ. ಬಿಲ್ಲಿನ ಮೇಲೆ ನಿಮ್ಮ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸಿ. ಆ ಒಂದು ಸಾಲು ನೋಡಿಯೇ ಕೆಲವರು ಬೇಗ ಕೊಟ್ಟುಬಿಡ್ತಾರೆ.

ಮೊನ್ನೆ ಅಕ್ಕ ಮತ್ತೆ ಫೋನ್ ಮಾಡಿದ್ದರು. ಮೊದಲ ಆರ್ಡರ್, 60 ಕೆಜಿ, ಹೋಗಿ ತಲುಪಿದೆ. ಗೋಡೆ ಮೇಲಿದ್ದ ಚಿನ್ನದ ಅಂಚಿನ ಸರ್ಟಿಫಿಕೇಟ್ ತೆಗೆದಿಲ್ಲವಂತೆ, ಮೂರೂವರೆ ಸಾವಿರ ಕೊಟ್ಟಿದ್ದೀನಲ್ಲ ಅಂದರು. ದುಡ್ಡು ಬಂತಾ ಅಂತ ಕೇಳಿದೆ.

"ಇವತ್ತಿಗೆ 38 ದಿನ ಸರ್. ಕ್ಯಾಲೆಂಡರಿನಲ್ಲಿ ಗುರುತು ಹಾಕ್ಕೊಂಡಿದ್ದೀನಿ. 45 ಆಗ್ಲಿ, 46ನೇ ದಿನ ಬೆಳಿಗ್ಗೆ ಅವರಿಗೆ ಫೋನ್ ಮಾಡ್ತೀನಿ. ಅವರು ಎತ್ತಲಿಲ್ಲ ಅಂದ್ರೆ ನಿಮಗೆ."